41–33 ಚೆಂದವೋ, 13–3 ಚೆಂದವೋ?

ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್‌ನಂಥ ಫೈನಲ್‌ನಲ್ಲಿ ಎರಡೂ ಕಡೆ ಅಂಕಗಳು ಧಾರಾಳವಾಗಿ ಬಂದರೆ ಆಟ ಕಳೆಗಟ್ಟುತ್ತದೆಯೇ? ಇಬ್ಬರು ಪ್ರೇಕ್ಷಕರ ಜಗಳ ಇಲ್ಲಿದೆ.

ಪರ: ಬರಲಿ ಬಿಡಿ, ಅಂಕ ಬಂದರೇ ಆಟ

2018ರ ಫೆಬ್ರವರಿ 4ರ ರಾತ್ರಿ ನಮ್ಮ ಮನೆಯಲ್ಲಿ ಹನ್ನೊಂದು ಜನ, ಒಂದು ದೊಡ್ಡ ಪಾತ್ರೆ ತುಂಬ ಚುರುಮುರಿ, ಕೂರಲು ಒಂದೇ ಸೋಫಾ. ನಾವಿರುವುದು ಡೆಲವೇರ್ ನದಿಯ ನ್ಯೂಜೆರ್ಸಿ ದಡದ ಕಡೆ. ಸೇತುವೆ ದಾಟಿದರೆ ಫಿಲಡೆಲ್ಫಿಯಾ. ಅದುವರೆಗೆ ಒಂದೂ ಸೂಪರ್ ಬೌಲ್ ಗೆಲ್ಲದ ಫಿಲಡೆಲ್ಫಿಯಾ ಈಗಲ್ಸ್ ಅವತ್ತು ಮಿನಿಯಾಪೊಲಿಸ್‌ನಲ್ಲಿ ಟಾಮ್ ಬ್ರೇಡಿಯ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ನಿಂತಿತ್ತು. ಅದೂ ಗಾಯಗೊಂಡ ಕಾರ್ಸನ್ ವೆಂಟ್ಜ್ ಜಾಗದಲ್ಲಿ ನಿಕ್ ಫೋಲ್ಸ್ ಎಂಬ ಬದಲಿ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ನೆಚ್ಚಿಕೊಂಡು.

ಊರಿನಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಆಟ ಹೇಳಿಕೊಟ್ಟದ್ದು ಎರಡೇ ಮಾತಿನಲ್ಲಿ: ಚೆಂಡನ್ನು ಆ ತುದಿಗೆ ಮುಟ್ಟಿಸಿದರೆ (ಟಚ್‌ಡೌನ್) ಆರು, ಕಂಬಗಳ ನಡುವೆ ಒದ್ದರೆ ಮೂರು. ಮೂರನೇ ಕ್ವಾರ್ಟರ್ ಹೊತ್ತಿಗೆ ಅವರು ಸೋಫಾದ ತುದಿಗೆ ಬಂದು "ಅಯ್ಯೋ, ಹಿಡೀರೋ ಅವನನ್ನ" ಅನ್ನುತ್ತಿದ್ದರು. ಹಿಂದಿನ ವರ್ಷ ಇದೇ ಆಟ ಹಾಕಿದಾಗ "ಬರೀ ನೂಕಾಟ" ಎಂದು ಎದ್ದು ಹೋಗಿದ್ದವರು ಇವರೇ. ಇಪ್ಪತ್ತೆರಡು ಜನ ಮೂರು ಸೆಕೆಂಡು ಗುದ್ದಾಡಿ ಮತ್ತೆ ಸಾಲುಗಟ್ಟುವ ಈ ಆಟದಲ್ಲಿ ಹೊಸಬರ ಕೈಹಿಡಿದು ಒಳಗೆ ಕರೆದೊಯ್ಯುವುದು ಅಂಕಗಳೇ.

ಆದರೆ ನನ್ನ ವಾದ ಹೊಸಬರ ಮೇಲೆ ನಿಂತಿಲ್ಲ. ಎದುರಾಳಿ ನಿಲ್ಲಿಸಲಾಗದ ವೇಗದಲ್ಲಿ ಅಂಕ ಪೇರಿಸುತ್ತಿದ್ದಾಗ ಅಳೆದು ಸುರಿದು ಆಡುವ ಕೋಚ್ ಕೂಡ ಧೈರ್ಯ ಮಾಡಲೇಬೇಕಾಗುತ್ತದೆ. ಅವತ್ತಿನ ಮೊದಲರ್ಧ ಮುಗಿಯಲು 38 ಸೆಕೆಂಡು ಇತ್ತು. ಈಗಲ್ಸ್ 15–12 ಮುಂದೆ, ನಾಲ್ಕನೇ ಹಾಗೂ ಕೊನೆಯ ಯತ್ನ, ಗೆರೆಗೆ ಒಂದೇ ಗಜ. ಒದ್ದು ಮೂರು ಅಂಕ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಫೋಲ್ಸ್ ಅಂಚಿಗೆ ನಡೆದು ಬಂದು ಕೋಚ್ ಡಗ್ ಪೀಡರ್ಸನ್ ಹತ್ತಿರ ಒಂದು ಗುಟ್ಟಿನ ಪಟ್ಟಿನ ಹೆಸರು ಹೇಳಿ, ಆಡೋಣವೇ ಎಂದು ಕೇಳಿದ. ಕೋಚ್ ಒಂದು ಕ್ಷಣ ತಡೆದು ಹೂಂ ಅಂದ. ಚೆಂಡು ಕೋರಿ ಕ್ಲೆಮೆಂಟ್ ಕೈಗೆ ಹೋಯಿತು, ಅಲ್ಲಿಂದ ಟ್ರೇ ಬರ್ಟನ್ ಕೈಗೆ. ಅಷ್ಟರಲ್ಲಿ ಎಸೆಯಬೇಕಾದ ಫೋಲ್ಸೇ ಕಳ್ಳನ ಹಾಗೆ ಬಲಕ್ಕೆ ಜಾರಿ ಗೆರೆಯಾಚೆಯ ಎಂಡ್ ಝೋನ್‌ನಲ್ಲಿ ಒಬ್ಬನೇ ನಿಂತಿದ್ದ. ಬರ್ಟನ್ ಎಸೆದ, ಫೋಲ್ಸ್ ಹಿಡಿದ. ಅದಕ್ಕೆ ಸ್ವಲ್ಪ ಮುಂಚೆ ಅಂಥದ್ದೇ ಪಟ್ಟಿನಲ್ಲಿ ಬ್ರೇಡಿಯ ಕೈಗೆ ಬಂದ ಚೆಂಡು ಬೆರಳಿನಿಂದ ಜಾರಿತ್ತು. ಆಟದ ಪೂರ್ತಿ ಕಥೆ ಆ ಎರಡು ಜೊತೆ ಕೈಗಳಲ್ಲೇ ಇದೆ ಎನ್ನಿಸುತ್ತದೆ ನನಗೆ.

ಕೊನೆಗೆ ಈಗಲ್ಸ್ 41, ಪೇಟ್ರಿಯಟ್ಸ್ 33. ಒಟ್ಟು 74 ಅಂಕ, ಎರಡೂ ತಂಡ ಸೇರಿ ಸಾಗಿದ್ದು 1,151 ಗಜ. ಇಡೀ ಪಂದ್ಯದಲ್ಲಿ ಪಂಟ್ ಆದದ್ದು ಒಂದೇ ಒಂದು! ಪಂಟ್ ಅಂದರೆ ನಮ್ಮ ಕೈಲಾಗದು ಎಂದು ಚೆಂಡನ್ನು ಎದುರಾಳಿಗೆ ದೂರ ಒದ್ದು ಕೊಡುವುದು. ಬ್ರೇಡಿ 505 ಗಜ ಎಸೆದೂ ಸೋತ.

ಡಿಫೆನ್ಸ್ ಸತ್ತುಹೋಯಿತು ಅನ್ನುವವರಿಗೆ ಒಂದು ಮಾತು. ಎರಡು ನಿಮಿಷ ಚಿಲ್ಲರೆ ಉಳಿದಿತ್ತು, ಈಗಲ್ಸ್ 38–33. ಇನ್ನೇನು ಬ್ರೇಡಿ ಎಂದಿನ ಕೈಚಳಕ ತೋರಿಸುತ್ತಾನೆ ಎಂದು ನಾವೆಲ್ಲ ಮುಖ ಮುಚ್ಚಿಕೊಂಡಿದ್ದಾಗ ಬ್ರ್ಯಾಂಡನ್ ಗ್ರಹಾಂ ಕೈ ಹಾಕಿ ಚೆಂಡು ಕಿತ್ತ, ಡೆರೆಕ್ ಬಾರ್ನೆಟ್ ಬಾಚಿಕೊಂಡ. ಈಗಲ್ಸ್ ಬ್ರೇಡಿಯನ್ನು ಹಾಗೆ ಅಟ್ಟಿ ಕೆಡವಿದ್ದು ಇಡೀ ರಾತ್ರಿಯಲ್ಲಿ ಅದೊಂದೇ ಸಲ. ಎಲ್ಲರೂ ಎಲ್ಲರನ್ನೂ ತಡೆಯುವ ಪಂದ್ಯದಲ್ಲಿ ಆ ಕೈಗೆ ಅಷ್ಟು ಬೆಲೆ ಬರುತ್ತಿತ್ತೇ?

ವಿರೋಧ: ಮೂರು ಅಂಕಕ್ಕೂ ಬೆವರು ಹರಿಯಲಿ

ಮೈಸೂರಿನಲ್ಲಿ ಸೂಪರ್ ಬೌಲ್ ಶುರುವಾಗುವುದು ಸೋಮವಾರ ಬೆಳಗಿನ ಐದು ಗಂಟೆಗೆ. ಮನೆಯಲ್ಲಿ ಉಳಿದವರು ಮಲಗಿರುತ್ತಾರೆ, ಟಿವಿ ಸದ್ದು ಎರಡರ ಮೇಲೆ ಏರಿಸುವಂತಿಲ್ಲ. 2019ರಲ್ಲಿ ಹಾಗೆ ಕೂತು ನೋಡಿದ್ದು, ಜನ ಇವತ್ತಿಗೂ "ಅತ್ಯಂತ ಬೋರು" ಎಂದು ಬೈಯುವ ಪಂದ್ಯ: ಅಟ್ಲಾಂಟಾದಲ್ಲಿ ಪೇಟ್ರಿಯಟ್ಸ್ 13, ಲಾಸ್ ಏಂಜಲೀಸ್ ರ್‍ಯಾಮ್ಸ್ 3. ಸೂಪರ್ ಬೌಲ್ ಇತಿಹಾಸದಲ್ಲೇ ಅತಿ ಕಡಿಮೆ ಮೊತ್ತ, 16. ನಾಲ್ಕನೇ ಕ್ವಾರ್ಟರ್ ಶುರುವಾದಾಗಲೂ ಅಂಕಪಟ್ಟಿಯಲ್ಲಿ ಇದ್ದದ್ದು 3–3.

ಮೇಲಿನ ಗೆಳೆಯರು ಮರೆತ ಒಂದು ಸಂಗತಿ: ಇದು ಅದೇ ಪೇಟ್ರಿಯಟ್ಸ್. ಹಿಂದಿನ ವರ್ಷ 613 ಗಜ ಸಾಗಿ, 33 ಅಂಕ ಗಳಿಸಿ ಸೋತ ತಂಡ, ಈ ವರ್ಷ 13 ಅಂಕಕ್ಕೆ ಕಪ್ ಒಯ್ದಿತು. ಎದುರಿಗಿದ್ದ ರ್‍ಯಾಮ್ಸ್ ಏನು ಸಾಮಾನ್ಯವೇ? ಎರಡೂವರೆ ತಿಂಗಳ ಹಿಂದೆಯಷ್ಟೇ ಕಾನ್ಸಸ್ ಸಿಟಿಯನ್ನು 54–51ರಿಂದ ಸೋಲಿಸಿತ್ತು. 54 ಹೊಡೆದವರನ್ನು ಮೂರಕ್ಕೆ ಕಟ್ಟಿಹಾಕುವುದು ಬೋರಾದರೆ, ಬೋರು ಅಂದರೆ ಏನೆಂದು ನನಗೆ ಗೊತ್ತಿಲ್ಲ.

ಆ ಪಂದ್ಯದ ಒಂದೇ ಒಂದು ಗಳಿಗೆ ಹೇಳುತ್ತೇನೆ. ಮೂರನೇ ಕ್ವಾರ್ಟರ್. ರ್‍ಯಾಮ್ಸ್‌ನ ಬ್ರ್ಯಾಂಡಿನ್ ಕುಕ್ಸ್ ಎಂಡ್ ಝೋನ್‌ನಲ್ಲಿ ಒಬ್ಬನೇ ನಿಂತಿದ್ದಾನೆ, ಸುತ್ತ ಒಂದು ನರಪಿಳ್ಳೆ ಇಲ್ಲ. ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಅವನನ್ನು ಕಂಡದ್ದು ಅರೆಗಳಿಗೆ ತಡವಾಗಿ. ಚೆಂಡು ಗಾಳಿಯಲ್ಲಿದೆ. ಮೈದಾನದ ಇನ್ನೊಂದು ಮಗ್ಗುಲಿನಿಂದ, ಅದು ತನ್ನ ಪಾಲಿನ ಕೆಲಸವೇ ಅಲ್ಲದ ಪೇಟ್ರಿಯಟ್ಸ್‌ನ ಜೇಸನ್ ಮಕೋರ್ಟಿ ಓಡಿ ಬರುತ್ತಿದ್ದಾನೆ. ಚೆಂಡು ಕುಕ್ಸ್ ಕೈಗೆ ತಾಗುವುದಕ್ಕೂ ಮಕೋರ್ಟಿ ಅದನ್ನು ಬಡಿದು ಕೆಡವುವುದಕ್ಕೂ ಸರಿಹೋಯಿತು. ಅಂಕಪಟ್ಟಿಯಲ್ಲಿ ಅದರ ಗುರುತೂ ಇಲ್ಲ. ನಾನು ಮಾತ್ರ ಕಾಫಿ ಲೋಟ ಹಿಡಿದು ನಿಂತೇ ಇದ್ದೆ. 41–33ರ ಪಂದ್ಯದಲ್ಲಾಗಿದ್ದರೆ ಆ ಓಟ ಯಾರಿಗೆ ನೆನಪಿರುತ್ತಿತ್ತು? ಐದು ನಿಮಿಷಕ್ಕೆ ಇನ್ನೊಂದು ಟಚ್‌ಡೌನ್ ಬಂದು ಒರೆಸಿಬಿಡುತ್ತಿತ್ತು.

ರ್‍ಯಾಮ್ಸ್ ಮೊದಲ ಎಂಟು ಸರದಿಯಲ್ಲೂ ಪಂಟ್ ಮಾಡಿತು. ಪಂಟ್ ಅಂದರೆ ಸೋಲೊಪ್ಪಿಗೆಯಂತೆ! ಜಾನಿ ಹೆಕ್ಕರ್ ಅವತ್ತು 65 ಗಜ ಒದ್ದ, ಸೂಪರ್ ಬೌಲ್ ದಾಖಲೆ ಅದು. ಎದುರಾಳಿಯನ್ನು ಅಷ್ಟು ದೂರ ಅಟ್ಟುವುದು ಕೈಚೆಲ್ಲುವುದಲ್ಲ, ಮುತ್ತಿಗೆ. ಆ ಮುತ್ತಿಗೆಯನ್ನು ಕಡೆಗೂ ಮುರಿದದ್ದು ಪೇಟ್ರಿಯಟ್ಸ್‌ನ ರಾಬ್ ಗ್ರಾಂಕೌಸ್ಕಿ ಮೂವರ ನಡುವೆ ಚಾಚಿ ಹಿಡಿದ 29 ಗಜದ ಒಂದು ಕ್ಯಾಚ್. ಬೆನ್ನಿಗೇ ಸೋನಿ ಮಿಶೆಲ್ ನುಗ್ಗಿದ. ಇಡೀ ಪಂದ್ಯಕ್ಕೆ ಟಚ್‌ಡೌನ್ ಅದೊಂದೇ.

ಇದನ್ನು ಹೆಣೆದ, ಪೇಟ್ರಿಯಟ್ಸ್‌ನ ಅಂದಿನ ಕೋಚ್ ಬಿಲ್ ಬೆಲಿಚಿಕ್‌ಗೆ ಈ ಕೆಲಸ ಹೊಸದಲ್ಲ. 1991ರ ಸೂಪರ್ ಬೌಲ್‌ನಲ್ಲಿ, ನ್ಯೂಯಾರ್ಕ್ ಜಯಂಟ್ಸ್‌ನ ಡಿಫೆನ್ಸ್ ನೋಡಿಕೊಳ್ಳುತ್ತಿದ್ದಾಗ, ಬಿರುಗಾಳಿಯಂತೆ ಆಡುತ್ತಿದ್ದ ಬಫಲೋ ಬಿಲ್ಸ್ ತಂಡವನ್ನು 19ಕ್ಕೆ ತಡೆದಿದ್ದ. 60 ನಿಮಿಷದಲ್ಲಿ 40 ನಿಮಿಷ ಚೆಂಡು ಜಯಂಟ್ಸ್ ಕೈಯಲ್ಲೇ. ಕೊನೆಗೆ ಬಫಲೋದ ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಸರಿದು ಹೋಯಿತು, 20–19. ಒಂದು ಅಂಕ ಅಂದರೆ ಒಂದು ಅಂಕ.

ಇನ್ನು, ಅಂಕಗಳ ಈ ಸುಗ್ಗಿ ತಾನಾಗಿ ಬಂದದ್ದೂ ಅಲ್ಲ. 1978ರಲ್ಲಿ ನಿಯಮ ತಿದ್ದಿ, ಐದು ಗಜ ದಾಟಿದ ಮೇಲೆ ಎಸೆದ ಚೆಂಡು ಹಿಡಿಯುವ ರಿಸೀವರ್‌ನನ್ನು ಮುಟ್ಟಬೇಡಿ ಎಂದು ಡಿಫೆನ್ಸ್‌ನವರ ಕೈ ಕಟ್ಟಿದರು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರಿಗೆ ಕೈ ಚಾಚಿ ತಡೆಯುವ ಸಲಿಗೆ ಕೊಟ್ಟರು. ಚಪ್ಪಟೆ ಪಿಚ್ ಮಾಡಿಸಿ ಸಿಕ್ಸರ್ ಎಣಿಸಿದ ಹಾಗೆ. ಚಿನ್ನಸ್ವಾಮಿಯಲ್ಲಿ 2024ರ ಏಪ್ರಿಲ್‌ನಲ್ಲಿ ಹೈದರಾಬಾದ್ 287 ಹೊಡೆದು, ನಮ್ಮವರು 262 ಹೊಡೆದೂ ಸೋತ ಸಂಜೆ ಯಾವ ಬೌಂಡರಿ ಯಾರದ್ದೆಂದು ನೆನಪಿದ್ದವರು ಕೈ ಎತ್ತಿ.

ಅತಿ ಹೆಚ್ಚು ಅಂಕದ ಸೂಪರ್ ಬೌಲ್ ಯಾವುದು ಅಂದರೆ 1995ರದ್ದು, 75 ಅಂಕ. ಸ್ಯಾನ್ ಫ್ರಾನ್ಸಿಸ್ಕೊ 49, ಸ್ಯಾನ್ ಡಿಯಾಗೊ 26. ಸ್ಟೀವ್ ಯಂಗ್ ಆರು ಟಚ್‌ಡೌನ್ ಎಸೆದದ್ದೇನೋ ನಿಜ, ಆದರೆ ಐದು ನಿಮಿಷ ತುಂಬುವುದರೊಳಗೆ 14–0 ಆಗಿ ಪಂದ್ಯ ಅಲ್ಲಿಗೇ ಮುಗಿದಿತ್ತು. ಉಳಿದದ್ದು ಲೆಕ್ಕ ಬರೆಯುವವರ ಕೆಲಸ.

ಸಮಬಲದ 73 ಅಂಕದ ಪಂದ್ಯವೂ ಇದೆಯಲ್ಲ ಎಂದು ಗೆಳೆಯರು 2023ರದ್ದನ್ನು ಮುಂದಿಟ್ಟಾರು: ಕಾನ್ಸಸ್ ಸಿಟಿ 38, ಅವರದೇ ಈಗಲ್ಸ್ 35. ಅದು ಮುಗಿದ ರೀತಿ ನೆನಪಿಸುತ್ತೇನೆ. 35–35 ಇದ್ದಾಗ, ಎರಡು ನಿಮಿಷಕ್ಕೂ ಕಡಿಮೆ ಉಳಿದಿರುವಾಗ, ಈಗಲ್ಸ್‌ನ ಜೇಮ್ಸ್ ಬ್ರ್ಯಾಡ್‌ಬೆರಿ ಜರ್ಸಿ ಎಳೆದನೆಂದು ತಪ್ಪಿನ ಫ್ಲ್ಯಾಗ್ ಬಿತ್ತು. ಎಳೆದದ್ದು ಹೌದೆಂದು ಆಮೇಲೆ ಅವನೇ ಒಪ್ಪಿಕೊಂಡ. ಮುಂದಿನ ಆಟದಲ್ಲಿ ಕಾನ್ಸಸ್ ಸಿಟಿಯ ಜೆರಿಕ್ ಮಕಿನನ್‌ಗೆ ದಾರಿ ಬಿಚ್ಚಿಕೊಂಡಿತು, ಎದುರಿಗೆ ಯಾರೂ ಇಲ್ಲ. ಓಡಿದ, ಓಡಿದ, ಗೆರೆ ಎರಡು ಗಜ ಇದೆ ಅನ್ನುವಾಗ ಬೇಕೆಂದೇ ನೆಲಕ್ಕೆ ಜಾರಿ ಕೂತುಬಿಟ್ಟ. ಟಚ್‌ಡೌನ್ ಹೊಡೆದರೆ ಎದುರಾಳಿಗೆ ಸಮಯ ಸಿಗುತ್ತದಲ್ಲ, ಅದಕ್ಕೆ. ಗಡಿಯಾರ ಕರಗಿಸಿ, ಎಂಟು ಸೆಕೆಂಡು ಇರುವಾಗ ಹ್ಯಾರಿಸನ್ ಬಟ್ಕರ್ ಒಂದು ಒದೆ ಒದ್ದು ಮೂರು ಅಂಕ ತೆಗೆದ. 73 ಅಂಕದ ಆ ಪಂದ್ಯವನ್ನು ಗೆಲ್ಲಿಸಿದ್ದು ಕೈಗೆ ಬಂದ ಆರನ್ನು ಬೇಡ ಎಂದ ಮನುಷ್ಯ.