ಇಪ್ಪತ್ತು ನಿಮಿಷದ ವೈದ್ಯರು

ನಮ್ಮ ಕಾರು ಮೊದಲ ಸಲ ಕೈಕೊಟ್ಟದ್ದು ಮಂಡಗದ್ದೆಯಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಸುಮಾರು 30 ಕಿಲೋಮೀಟರ್ ಹೋದರೆ ಸಿಗುವ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಊರು ಅದು. ಹೀಗಾಗಿ ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ ರಸ್ತೆಯ ಬದಿಗೆ ಕಾರು ತಳ್ಳಿ, ಬಾನೆಟ್ ಎತ್ತಿ, ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ ನಮ್ಮನ್ನು ಕಂಡವರು ಹಕ್ಕಿ ನೋಡಲು ಬಂದವರೆಂದೇ ತಿಳಿದರು. ಒಬ್ಬರಂತೂ ಬೈಕ್ ನಿಲ್ಲಿಸಿ, ಹಕ್ಕಿಗಳೆಲ್ಲ ಹೋಗಿಯಾಗಿದೆ, ಮಳೆಗಾಲದಲ್ಲಿ ಬನ್ನಿ ಎಂದು ಸಮಾಧಾನ ಹೇಳಿ ಹೋದರು. ಅಲ್ಲಿಯವರೆಗೆ ಕಾಯಬೇಕಾದೀತೇನೋ ಎಂಬ ಭಯ ನನಗೂ ಇತ್ತು.

ನಿಂತ ಬಗೆಯೇ ವಿಚಿತ್ರವಾಗಿತ್ತು. ಕೆಟ್ಟು ನಿಲ್ಲುವ ಮುನ್ನ ವಾಹನಗಳು ಕೆಮ್ಮುತ್ತವೆ, ಎಳೆಯಲು ತಕರಾರು ಮಾಡುತ್ತವೆ, ಸುಟ್ಟ ವಾಸನೆಯನ್ನಾದರೂ ಬಿಡುತ್ತವೆ. ಇದು ಯಾವ ಮುನ್ಸೂಚನೆಯೂ ಇಲ್ಲದೆ, ಪಕ್ಕದಲ್ಲಿ ಕುಳಿತವರು ಕೈ ಹಾಕಿ ಕೀ ತಿರುಗಿಸಿದರೋ ಎಂಬಂತೆ ಆರಿಹೋಯಿತು. ನಾನು ಹೆಂಡತಿಯ ಕಡೆಗೆ ನೋಡಿದ್ದು ಆ ಅನುಮಾನದಿಂದಲೇ ಎಂದು ಆಕೆ ಇಂದಿಗೂ ಹೇಳುತ್ತಾಳೆ. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ಆಟೋ ಚಾಲಕರೊಬ್ಬರು ಬಂದು, ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಎಲ್ಲಿಂದಲೋ ಉಪ್ಪುಕಾಗದ ತರಿಸಿ ಉಜ್ಜಿ, ಮತ್ತೆ ಬಿಗಿದು, "ಈಗ ಹೊಡೀರಿ ಸಾರ್" ಎಂದರು. ಮೊದಲ ಸೆಲ್ಫಿಗೇ ಕಾರು ಹತ್ತಿಕೊಂಡಿತು. ನೂರು ರೂಪಾಯಿ ಕೊಟ್ಟೆ. ಈ ಚಿಕಿತ್ಸೆಗೆ ಹಿಡಿದ ಸಮಯ ಇಪ್ಪತ್ತು ನಿಮಿಷ. ಆ ಅಂಕಿಯ ಮಹಿಮೆ ನನಗೆ ಆಗ ತಿಳಿದಿರಲಿಲ್ಲ.

ಎರಡನೆಯ ಸಲ ನಿಂತದ್ದು ಆಗುಂಬೆ ಘಾಟಿಯಲ್ಲಿ. ಹೆಬ್ರಿಯಲ್ಲಿರುವ ಮಾವನ ಮನೆಯಿಂದ ಅತ್ತೆ, ಮಾವನನ್ನೂ ಕೂರಿಸಿಕೊಂಡು ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ಸೋಮೇಶ್ವರ ದಾಟಿ, 14 ಹಿಮ್ಮುರಿ ತಿರುವುಗಳಲ್ಲಿ ಅರ್ಧದಷ್ಟನ್ನು ಏರಿದ್ದೆವೋ ಇಲ್ಲವೋ, ಕಾರು ಮತ್ತೆ ಮೌನ ತಾಳಿತು. ಏರಿನಲ್ಲಿ ಎಂಜಿನ್ ಆರಿಹೋದರೆ ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ. ಬ್ರೇಕ್ ಕೂಡ ಒಂದೆರಡು ಸಲ ಒತ್ತಿದ ಮೇಲೆ ಬಿಗಿಯಾಗಿ, ಕಾಲಿನ ಪೂರ್ತಿ ಬಲವನ್ನು ಬೇಡುತ್ತದೆ. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಹಿಂದಿನಿಂದ ಬಂದ ಜೀಪಿನವರು ನಮ್ಮ ಡಿಕ್ಕಿಯನ್ನು ಒಮ್ಮೆ ನೋಡಿ, "ಲೋಡ್ ಜಾಸ್ತಿ ಆಯ್ತು ಮಾರಾಯ್ರೇ, ಎಲ್ಲ ಇಳಿಸಿ" ಎಂದು ಅಪ್ಪಣೆ ಕೊಡಿಸಿದರು. ಅತ್ತೆ ಪ್ರೀತಿಯಿಂದ ತುಂಬಿಸಿದ್ದ ನಲವತ್ತು ತೆಂಗಿನಕಾಯಿ, ಒಂದು ಮೂಟೆ ಕುಚ್ಚಲಕ್ಕಿ, ಎರಡು ಹಲಸಿನಹಣ್ಣು, ಒಂದು ಗೊನೆ ಬಾಳೆಹಣ್ಣು ಒಂದೊಂದಾಗಿ ರಸ್ತೆಯ ಅಂಚಿಗೆ ಇಳಿದವು. ಬಾಳೆಯ ಗೊನೆಯನ್ನು ಮಂಗಗಳು ವಹಿಸಿಕೊಂಡವು. ತೆಂಗಿನಕಾಯಿಯೊಂದು ಉರುಳುತ್ತ ಕೆಳಗಿನ ತಿರುವಿನವರೆಗೂ ಹೋಯಿತು. ಬ್ಯಾಂಕಿನಿಂದ ನಿವೃತ್ತರಾದ ಮಾವನವರು ಎಣಿಕೆ ತಪ್ಪಬಾರದೆಂದು ಅದರ ಹಿಂದೆಯೇ ನಡೆದು ಹೋದರು. ಅವರು ಕಾಯಿಯೊಂದಿಗೆ ಏದುಸಿರು ಬಿಡುತ್ತ ಮರಳಿದ ಮೇಲೆ ಕೀ ತಿರುಗಿಸಿದೆ. ಕಾರು ಹತ್ತಿಕೊಂಡಿತು. ಜೀಪಿನವರು ವಿಜಯದ ನಗೆ ನಕ್ಕರು. ಆಮೇಲೆ ಎಲ್ಲವನ್ನೂ ಅದೇ ಡಿಕ್ಕಿಗೆ ಮರಳಿ ತುಂಬಿ, ಅಷ್ಟೇ ಭಾರದೊಂದಿಗೆ ಉಳಿದ ತಿರುವುಗಳನ್ನು ಏರಿದೆವು ಎಂಬ ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ಆ ದಿನದಿಂದ ಮಾವನವರು ಭಾರದ ಸಿದ್ಧಾಂತಕ್ಕೆ ಸೇರಿದರು.

ಮೂರನೆಯ ಸಲ ನಿಂತದ್ದು ಶಿವಮೊಗ್ಗದ ಗೋಪಿ ವೃತ್ತದಲ್ಲಿ, ಸಂಜೆಯ ಜನಸಂದಣಿಯ ನಡುವೆ. ಹಿಂದಿನ ಸೀಟಿನಲ್ಲಿದ್ದ ನನ್ನ ತಾಯಿಗೆ ಇದು ದೃಷ್ಟಿಯಲ್ಲದೆ ಬೇರೇನೂ ಅಲ್ಲ ಎನ್ನುವುದು ತಕ್ಷಣವೇ ಖಚಿತವಾಯಿತು. ನಾನು ನಿಂಬೆಹಣ್ಣು ಹುಡುಕಿಕೊಂಡು ಹೋಗಿ, ಅದರ ಜೊತೆಗೆ ಹಸಿಮೆಣಸಿನಕಾಯಿ, ಅದನ್ನು ಪೋಣಿಸಲು ದಾರ, ದಾರಕ್ಕೆ ಸೂಜಿ ಎಂದು ಮೂರು ಅಂಗಡಿ ಅಲೆದು, ಅಮ್ಮ ಅದನ್ನು ಬಂಪರಿಗೆ ಕಟ್ಟುವ ಹೊತ್ತಿಗೆ ಎಷ್ಟು ಸಮಯವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಕಾರು ಹತ್ತಿಕೊಂಡಿತು. ಇದಾದ ಮೇಲೆ ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದ ನೆರೆಮನೆಯ ನಿವೃತ್ತ ಎಂಜಿನಿಯರರ ಸಲಹೆಯಂತೆ ಬಂಕ್ ಬದಲಾಯಿಸಿದ್ದು, ಯಾರೋ ಹೇಳಿದರೆಂದು ಟ್ಯಾಂಕಿನ ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟದ್ದು, ಎಲ್ಲವೂ ಫಲ ಕೊಟ್ಟವು. ನಮ್ಮ ಕಾರಿನ ರೋಗವನ್ನು ಗುಣಪಡಿಸಲಾಗದ ವೈದ್ಯರೇ ಜಿಲ್ಲೆಯಲ್ಲಿ ಇರಲಿಲ್ಲ. ರೋಗ ಮಾತ್ರ ಹಾಗೆಯೇ ಇತ್ತು.

ಅಧಿಕೃತ ಸರ್ವಿಸ್ ಸೆಂಟರೊಂದರಲ್ಲಿ ಕಾರನ್ನು ಮೂರು ದಿನ ಬಿಟ್ಟು ಬಂದೆ. ಒದೆಯುವ ಹಸು ಪಶುವೈದ್ಯರು ಬಂದ ದಿನ ಕೆಚ್ಚಲನ್ನೇ ಒಡ್ಡಿಕೊಂಡು ನಿಲ್ಲುವ ಹಾಗೆ ಅದು ಅಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಬೆಳಗಿನ ತಂಪಿನಲ್ಲಿ ಹತ್ತು ನಿಮಿಷ ಓಡಿಸಿದರಂತೆ, ಸ್ಕ್ಯಾನರ್ ಹಚ್ಚಿದರಂತೆ, ದೋಷದ ಕೋಡ್ ಒಂದೂ ಇರಲಿಲ್ಲವಂತೆ. ಆದರೂ ಬರಿಗೈಯಲ್ಲಿ ಕಳಿಸಬಾರದೆಂದು ಸ್ಪಾರ್ಕ್ ಪ್ಲಗ್, ಇಂಧನದ ಫಿಲ್ಟರ್ ಮತ್ತು ಒಂದು ರಿಲೇ ಬದಲಿಸಿ, ಕಾರನ್ನು ಫಳಫಳ ತೊಳೆದು, 6,850 ರೂಪಾಯಿಯ ಬಿಲ್ ಕೈಗಿತ್ತರು. ಮರುದಿನ ಮಧ್ಯಾಹ್ನ ಅದು ತೊಳೆದ ಹೊಳಪಿನಲ್ಲಿಯೇ ನಡುರಸ್ತೆಯಲ್ಲಿ ನಿಂತಿತು.

ಕೊನೆಗೆ ಸಹೋದ್ಯೋಗಿಯೊಬ್ಬರು ಹಳೆಯ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರ ಬಳಿಗೆ ಕರೆದುಕೊಂಡು ಹೋದರು. ಅವರು ಬಾನೆಟ್ ಎತ್ತಲೇ ಇಲ್ಲ. ಚಹಾ ಕುಡಿಯುತ್ತ ಒಂದೇ ಪ್ರಶ್ನೆ ಕೇಳಿದರು: "ಗಾಡಿ ಇನ್ನೂ ಉರುಳ್ತಾ ಇರುವಾಗ ಆರ್‌ಪಿಎಂ ಮುಳ್ಳು ಎಲ್ಲಿತ್ತು ಸಾರ್?" ಗೇರಿನಲ್ಲಿರುವ ಕಾರು ಉರುಳುತ್ತಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ, ಆದ್ದರಿಂದ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆ ಮುಳ್ಳು ನಿಧಾನವಾಗಿ ಇಳಿಯಬೇಕು. ನೆನಪು ಮಾಡಿಕೊಂಡೆ. ನಮ್ಮ ಕಾರಿನಲ್ಲಿ ಅದು ಎಂಜಿನ್ ಆರಿದ ಕ್ಷಣವೇ ದೊಪ್ಪನೆ ಸೊನ್ನೆಗೆ ಬಿದ್ದಿತ್ತು. ಅವರು ಲೋಟ ಕೆಳಗಿಟ್ಟು, ನಿಂತಾಗಲೆಲ್ಲ ನಾನೇನು ಮಾಡುತ್ತೇನೆಂದು ವಿಚಾರಿಸಿದರು. ಮಂಡಗದ್ದೆಯ ಗುರೂಪದೇಶದಂತೆ ಪ್ರತಿ ಸಲವೂ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಾಕುವುದನ್ನು ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. 2013ರ ಏಪ್ರಿಲ್‌ನಿಂದ ಕಡ್ಡಾಯವಾದ, ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆ ಇರುವ ಕಾರು ನಮ್ಮದು. ದೋಷ ಕಂಡಾಗ ಎಂಜಿನ್ನಿನ ಕಂಪ್ಯೂಟರ್ ಕೋಡ್ ಬರೆದಿಡುವುದಲ್ಲದೆ, ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಾಗಿತ್ತು, ಕಾರು ಎಷ್ಟು ವೇಗದಲ್ಲಿತ್ತು ಎಂಬುದನ್ನೂ ಪಂಚನಾಮೆಯ ಹಾಗೆ ದಾಖಲಿಸುತ್ತದೆ. ನಮ್ಮದರಂಥ ಕಾರುಗಳಲ್ಲಿ ಬ್ಯಾಟರಿ ಕಳಚಿದರೆ ಆ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಅಂದರೆ ಕಳ್ಳತನವಾದ ಪ್ರತಿ ಸಲವೂ ಮನೆಯ ಯಜಮಾನನೇ ನೆಲ ಒರೆಸಿ, ಆಮೇಲೆ ಪೊಲೀಸರಿಗೆ ಹೆಜ್ಜೆಗುರುತು ಸಿಗಲಿಲ್ಲವೆಂದು ಗೊಣಗುತ್ತಿದ್ದ.

"ಇನ್ನೊಂದ್ಸಲ ನಿಂತರೆ ಏನೂ ಮಾಡ್ಬೇಡಿ. ನನಗೆ ಫೋನ್ ಮಾಡಿ" ಎಂದು ಅವರು ನಂಬರ್ ಕೊಟ್ಟರು.

ಅಲ್ಲಿಗೆ ಕಾರು ನಿಲ್ಲುವುದನ್ನೇ ನಿಲ್ಲಿಸಿತು. ಆ ವರ್ಷ ಭರಣಿ ಮಳೆ ಚೆನ್ನಾಗಿ ಸುರಿದು ಊರೆಲ್ಲ ತಂಪಾಗಿತ್ತು. ರೈತರು ಸಂಭ್ರಮದಲ್ಲಿದ್ದರು; ನಾನೊಬ್ಬನೇ ಬಿಸಿಲಿಗಾಗಿ ಹಂಬಲಿಸುತ್ತ, ಸಕ್ರೆಬೈಲಿನವರೆಗೂ ಹೋಗಿ ಆನೆಗಳ ಮುಖ ನೋಡಿ ಬರುತ್ತ, ಹನ್ನೊಂದು ದಿನ ವೃಥಾ ಪೆಟ್ರೋಲ್ ಸುಟ್ಟೆ. ಹನ್ನೆರಡನೆಯ ದಿನ ಮೋಡ ಸರಿದು ಬಿಸಿಲು ಬಿತ್ತು. ಮಧ್ಯಾಹ್ನ ಎರಡು ಗಂಟೆಗೆ ರೈಲ್ವೆ ಗೇಟು ತೆರೆದು, ಹಿಂದಿನ ವಾಹನಗಳೆಲ್ಲ ಒಟ್ಟಿಗೆ ಹಾರನ್ ಹೊಡೆಯುತ್ತಿದ್ದಾಗ ಕಾರು ಆರಿಹೋಯಿತು. "ನಿಂತಿತು! ನಿಂತಿತು!" ಎಂದು ನಾನು ಫೋನಿನಲ್ಲಿ ಕೂಗಿದ ಉತ್ಸಾಹವನ್ನು ಕಂಡು, ಕಾರು ತಳ್ಳಲು ಬಂದ ಇಬ್ಬರು ಯುವಕರು ಒಂದು ಹೆಜ್ಜೆ ಹಿಂದೆ ಸರಿದರು.

ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದರು. ಅವರ ಸಲಕರಣೆಗಳೆಂದರೆ ಒಂದು ಮಲ್ಟಿಮೀಟರ್, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬ್ಲೂಟೂತ್ ಡಬ್ಬಿ, ಒಂದು ಬಾಟಲಿ ನೀರು ಮತ್ತು ಹಳೆಯ ಬನಿಯನ್ನಿನ ತುಂಡು. ಸೆಲ್ಫ್ ಹೊಡೆಸಿ ಮುಳ್ಳನ್ನು ನೋಡಿದರು. ಎಂಜಿನ್ ತಿರುಗುತ್ತಿದ್ದರೂ ಅದು ಅಲುಗಲಿಲ್ಲ. ಸ್ಟಿಯರಿಂಗಿನ ಕೆಳಗಿನ 16 ಪಿನ್ನಿನ ಕಿಂಡಿಗೆ ಡಬ್ಬಿ ಸಿಕ್ಕಿಸಿದೊಡನೆ ಫೋನಿನಲ್ಲಿ ಪಿ-0335 ಎಂಬ ಕೋಡ್ ಮೂಡಿತು: ಕ್ರ್ಯಾಂಕ್ ಶಾಫ್ಟ್, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡದ ಮೇಲೆ ಕಣ್ಣಿಟ್ಟಿರುವ ಸೆನ್ಸರಿನ ಸರ್ಕಿಟ್ಟಿನಲ್ಲಿ ದೋಷ. ಬನಿಯನ್ನನ್ನು ನೀರಿನಲ್ಲಿ ಅದ್ದಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಕುಳಿತಿದ್ದ ಕಪ್ಪು ವಸ್ತುವಿನ ಮೇಲೆ ಹಿಂಡಿದರು. ಚುಂಯ್ ಎಂದಿತು. ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದಾಗ ಕಾರು ಹತ್ತಿಕೊಂಡಿತು. ಆಟೋದವರು, ಜೀಪಿನವರು, ಅಮ್ಮ ಎಲ್ಲರೂ ಸೇರಿ ಅರಿಯದೆ ಮಾಡುತ್ತಿದ್ದ ಚಿಕಿತ್ಸೆ ಇದೇ ಆಗಿತ್ತು: ಅದನ್ನು ಆರಲು ಬಿಡುವುದು.

ಆ ದಂಡದ ಜೊತೆಗೆ ತಿರುಗುವ ಭಾರದ ಚಕ್ರವಾದ ಫ್ಲೈವ್ಹೀಲಿನ ಅಂಚಿನಲ್ಲಿ, ನಮ್ಮ ಕಾರಿನಲ್ಲಿ, 60 ಹಲ್ಲುಗಳಿರಬೇಕಾದ ಕಡೆ 58 ಮಾತ್ರ ಇವೆ. ಎರಡು ಹಲ್ಲು ಬೇಕೆಂದೇ ಬಿಟ್ಟ ಆ ಬೋಡುಬಾಯಿಯೇ ಕ್ರ್ಯಾಂಕ್ ಶಾಫ್ಟ್ ಯಾವ ಕೋನದಲ್ಲಿದೆ ಎನ್ನುವುದಕ್ಕೆ ಗುರುತು. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದು ಸೆಕೆಂಡಿಗೆ 2,900 ಹಲ್ಲುಗಳು ಸೆನ್ಸರಿನ ಮುಂದೆ ಹಾದುಹೋಗುತ್ತವೆ, ಅದು ಅಷ್ಟನ್ನೂ ಕಂಪ್ಯೂಟರಿಗೆ ವರದಿ ಮಾಡುತ್ತದೆ; ಆರ್‌ಪಿಎಂ ಮುಳ್ಳು ಅಲುಗುವುದೂ ಆ ವರದಿಯಿಂದಲೇ. ಒಳಗಿರುವುದು ಅಯಸ್ಕಾಂತ ಮತ್ತು ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಆ ತಂತಿ ಎಲ್ಲಿಯೋ ಬಿರುಕು ಬಿಟ್ಟಿತ್ತು. ಕಾದಾಗ ಹಿಗ್ಗಿ ಅಗಲುತ್ತಿತ್ತು, ಆರಿದಾಗ ಕೂಡಿಕೊಳ್ಳುತ್ತಿತ್ತು. ವರದಿ ನಿಂತರೆ ಕಂಪ್ಯೂಟರ್ ಎಂಜಿನ್ನೇ ತಿರುಗುತ್ತಿಲ್ಲವೆಂದು ಭಾವಿಸಿ ಪೆಟ್ರೋಲನ್ನೂ ಕಿಡಿಯನ್ನೂ ಕಡಿದುಹಾಕುತ್ತದೆ. ಒಂದೇ ಬೋಲ್ಟು, ಹೊಸ ಸೆನ್ಸರಿಗೆ 1,350 ರೂಪಾಯಿ, ಕೂಲಿ 250.

ಹಳೆಯ ಸೆನ್ಸರನ್ನು ಕೇಳಿ ಪಡೆದು ಮನೆಗೆ ತಂದೆ. ಮಲ್ಟಿಮೀಟರ್ ಕೊಂಡು ತಂದು, ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತ ಹೋದಾಗ ತಂತಿಯ ವಿದ್ಯುತ್ ರೋಧ 860 ಓಮ್ ಇದ್ದದ್ದು ಏರುತ್ತ ಏರುತ್ತ, ನಾಲ್ಕನೆಯ ನಿಮಿಷಕ್ಕೆ ಥಟ್ಟನೆ ತಂತಿ ಕಡಿದದ್ದನ್ನು ಸೂಚಿಸುವ "ಒಎಲ್" ಎಂಬ ಅಕ್ಷರಗಳು ಮೂಡಿದವು. ಮಾವನವರಿಗೆ ಇದನ್ನು ಕಣ್ಣಾರೆ ತೋರಿಸಲೇಬೇಕೆಂದು ಮುಂದಿನ ಸಲ ಹೆಬ್ರಿಗೆ ಹೋಗುವಾಗ ಎಲ್ಲ ಸರಂಜಾಮನ್ನೂ ಒಯ್ದೆ. ಜಗಲಿಯಲ್ಲಿ ಮೇಜು ಹಾಕಿದೆವು. ಅವರು ಕನ್ನಡಕ ಒರೆಸಿಕೊಂಡು ಕುಳಿತರು. 860 ಇದ್ದದ್ದು 900 ಆಯಿತು, 1,000 ದಾಟಿತು, 1,060ಕ್ಕೆ ಬಂದು ಅಲ್ಲಿಯೇ ಸಜ್ಜನನಂತೆ ಕುಳಿತುಬಿಟ್ಟಿತು. ಹತ್ತು ನಿಮಿಷ ಊದಿದೆ. ಹದಿನೈದು ನಿಮಿಷ ಊದಿದೆ. ಇಪ್ಪತ್ತನೆಯ ನಿಮಿಷಕ್ಕೆ ಕರೆಂಟ್ ಹೋಯಿತು.

ಮಾವನವರು ಸೆನ್ಸರನ್ನು ಕೈಗೆತ್ತಿಕೊಂಡು, ಬಿಸಿಯಾಗಿದ್ದರಿಂದ ಪಂಚೆಯ ಅಂಚಿನಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೆ ಎಂತ ಆಗಿದೆ? ಸರಿ ಉಂಟಲ್ಲ" ಎಂದವರು, ಒಳಗೆ ಡಿಕ್ಕಿಗಾಗಿ ಚೀಲ ಕಟ್ಟುತ್ತಿದ್ದ ಅತ್ತೆಯನ್ನು ಕೂಗಿ, ಈ ಸಲ ಹತ್ತೇ ತೆಂಗಿನಕಾಯಿ ಸಾಕು ಎಂದರು.