ಹೊರಬಾರದ ನೀಲಿ ಕಾರ್ಡು

ನಮ್ಮ ಚಿಕ್ಕಮಗಳೂರು ಸೀಮೆಯ ಕ್ಲಬ್ಬೊಂದರ ಬ್ರಿಜ್ (ಇಬ್ಬಿಬ್ಬರ ಎರಡು ಜೋಡಿಗಳು ಮೊದಲು ಕರೆ ಕೊಟ್ಟು ನಂತರ ಎಲೆ ಇಳಿಸುವ ಇಸ್ಪೀಟಾಟ) ಪಂದ್ಯಾವಳಿಯಲ್ಲಿ ನಡೆದ ‘ಎರಡು ಡೈಮನ್’ ಪ್ರಕರಣವು ಮೂಡಿಗೆರೆಯಿಂದ ಸಕಲೇಶಪುರದವರೆಗೆ ಕಾಫಿಯ ಧಾರಣೆಗಿಂತ ಹೆಚ್ಚು ಚರ್ಚೆಗೆ ಒಳಗಾಗಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಒಬ್ಬ ಹುಡುಗ ಒಂದು ನೋಟ್ರಂಪ್ (ತುರುಪಿಲ್ಲದ ಆಟ) ಕರೆದ, ಅವನ ಜೊತೆಗಾರ ಎರಡು ಡೈಮನ್ ಎಂದ, ಜೊತೆಗಾರನ ಕರೆಗೆ ವಿಶೇಷಾರ್ಥವಿದೆ ಎಂದು ಎದುರಾಳಿಗಳನ್ನು ಎಚ್ಚರಿಸಲು ಮೊದಲನೆಯವನು ಎತ್ತಬೇಕಾದ ನೀಲಿ ಬಣ್ಣದ ಅಲರ್ಟ್ ಕಾರ್ಡು ಮಾತ್ರ ಡಬ್ಬಿಯಿಂದ ಹೊರಬರಲಿಲ್ಲ. ಆ ಕರೆಗೂ ಡೈಮನ್ನಿಗೂ ಸಂಬಂಧವಿಲ್ಲ. ‘ನನ್ನ ಕೈಯಲ್ಲಿ ಐದು ಆಟೀನು ಎಲೆಗಳಿವೆ, ನೀನು ಆಟೀನು ಕರೆ’ ಎಂಬುದಷ್ಟೇ ಅದರ ತಾತ್ಪರ್ಯ. ನಾಲ್ಕು ಆಟೀನಿನ ಆಟ ಗೆದ್ದು, ಕೊನೆಯದಾದ ಹದಿಮೂರನೆಯ ಟ್ರಿಕ್ಕೂ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತು) ಮಗುಚಿ ಬಿದ್ದ ಮೇಲೆ, ಎದುರಾಳಿಯಾಗಿದ್ದ ಹಿರಿಯ ಪ್ಲಾಂಟರೊಬ್ಬರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಅಲರ್ಟ್ ಮಾಡಿದ್ದರೆ ತಮ್ಮಲ್ಲಿ ಡೈಮನ್ ಇದೆಯೆಂದು ಸೂಚಿಸಲು ತಾವು ಡಬಲ್ ಅನ್ನುತ್ತಿದ್ದೆವು, ಅದನ್ನು ಕೇಳಿ ತಮ್ಮ ಜೊತೆಗಾರರು ಮೊದಲ ಎಲೆಯಾಗಿ ಡೈಮನ್ ಇಳಿಯುತ್ತಿದ್ದರು, ಆಟ ಒಂದು ಟ್ರಿಕ್ಕಿನಿಂದ ಬೀಳುತ್ತಿತ್ತು ಎಂದು ಅವರು ಎದ್ದು ನಿಂತು ಘೋಷಿಸಿದರು.

ಆ ಮುಗ್ಧತೆಯನ್ನು ಕೊಂಡಾಡಲು ಪದಗಳು ಸಾಲವು. ಒಂದು ಬಣ್ಣ ಕರೆದು ಇನ್ನೊಂದನ್ನು ಸೂಚಿಸುವ ಟ್ರಾನ್ಸ್‌ಫರ್ ಎಂಬ ಈ ಪದ್ಧತಿ 1950ರ ದಶಕದಿಂದ ಚಾಲ್ತಿಯಲ್ಲಿದೆ. ಹಿರಿಯರು ಸ್ವತಃ ಅದೇ ಮಧ್ಯಾಹ್ನ, ಅದಕ್ಕೆ ಹಿಂದಿನ ಸುತ್ತಿನಲ್ಲಿ, ಅದೇ ಕರೆಯನ್ನು ಅದೇ ಅರ್ಥದಲ್ಲಿ ಕರೆದಿದ್ದರು. ಆದರೂ ಎದುರಿನ ಹುಡುಗರು ಕರೆದಾಗ, ಅವರ ಬಳಿ ನಿಜವಾಗಿಯೂ ಡೈಮನ್ ರಾಶಿ ಬಿದ್ದಿದೆಯೆಂದು ನಂಬಿದರಂತೆ! ತೋಟದ ಬೇಲಿಯ ಬಳಿ ಆನೆ ನಿಂತಿದೆ ಎಂದು ಅರಣ್ಯ ಇಲಾಖೆಯವರು ಕಳುಹಿಸುವ ಸಂದೇಶವನ್ನು ತೆರೆದೂ ನೋಡದೆ ಬೈಕ್ ಹತ್ತುವ ನಮ್ಮ ಸೀಮೆಯ ಜನರಿಗೆ, ಇಸ್ಪೀಟಿನ ಮೇಜಿನಲ್ಲಿ ಮಾತ್ರ ಮುನ್ನೆಚ್ಚರಿಕೆಯಿಲ್ಲದೆ ಉಸಿರಾಡಲಾಗುವುದಿಲ್ಲ.

ನಿಯಮದಲ್ಲಿ ತಪ್ಪಿಲ್ಲ ಎಂಬುದನ್ನು ಹೇಳಲೇಬೇಕು. ಜೊತೆಗಾರರಿಬ್ಬರ ನಡುವೆ ಗುಟ್ಟಿನ ಒಪ್ಪಂದವಿರಕೂಡದು, ನನ್ನ ಜೊತೆಗಾರನ ಕರೆಗೆ ನಾನು ತಿಳಿಯುವ ವಿಶೇಷಾರ್ಥವನ್ನು ತಿಳಿಯುವ ಹಕ್ಕು ಎದುರಾಳಿಗೂ ಇದೆ ಎಂಬುದು ಈ ಆಟದ ದೊಡ್ಡತನ. ‘ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ’ ಎಂದು ಕಾರ್ಡು ಎತ್ತದಿರುವುದು ಸೋಮಾರಿತನವೇ ಹೊರತು ಸಮರ್ಥನೆಯಲ್ಲ. ಆದರೆ ಈ ಸದಾಶಯದ ಸುತ್ತ ಬೆಳೆದಿರುವ ಪೊದೆಯನ್ನು ನೋಡಿ. ನಾನು ಅಲರ್ಟ್ ಮಾಡಿದರೆ, ತಾನು ಕರೆದದ್ದರ ಅರ್ಥವನ್ನೇ ಮರೆತಿದ್ದ ನನ್ನ ಜೊತೆಗಾರ ಎಚ್ಚರಗೊಳ್ಳುತ್ತಾನೆ. ಹಾಗೆ ಎಚ್ಚರಗೊಂಡದ್ದನ್ನು ಬಳಸಿಕೊಳ್ಳುವುದು ಬ್ರಿಜ್ ನಿಯಮ ಪುಸ್ತಕದ 16ನೆಯ ನಿಯಮದ ಪ್ರಕಾರ ಅಪರಾಧ. ಅಲರ್ಟ್ ಮಾಡದಿದ್ದರೆ 21ನೆಯ ನಿಯಮದ ಪ್ರಕಾರ ಎದುರಾಳಿಗೆ ತಪ್ಪು ಮಾಹಿತಿ ಕೊಟ್ಟಂತೆ. ಅನುಮಾನ ಬಂದ ಎದುರಾಳಿ ‘ಏನಿದರ ಅರ್ಥ?’ ಎಂದು ಕೇಳಿದರೆ, ಅವನ ಕೈಯಲ್ಲಿ ಡೈಮನ್ ಇದೆಯೆಂದು ಅವನ ಜೊತೆಗಾರನಿಗೆ ಸುಳಿವು ಕೊಟ್ಟಂತೆ. ಕೇಳದೆ ಕುಳಿತರೆ ‘ಅನುಭವಸ್ಥರು, ಕೇಳಬಾರದಿತ್ತೇ?’ ಎಂದು ಪಂದ್ಯದ ತೀರ್ಪುಗಾರರಾದ ಡೈರೆಕ್ಟರೇ ಕೇಳುತ್ತಾರೆ. ನಾಲ್ವರೂ ಪ್ರಾಮಾಣಿಕರಾಗಿದ್ದು ನಾಲ್ವರೂ ತಪ್ಪಿತಸ್ಥರಾಗಬಹುದಾದ ಇನ್ನೊಂದು ಸ್ಥಳ ತಹಶೀಲ್ದಾರರ ಕಚೇರಿ ಮಾತ್ರ.

ಬ್ರಿಜ್ಜಿನ ಜಗತ್ತಿಗೆ ಪರಸ್ಪರ ಅನುಮಾನ ಹೊಸದೇನಲ್ಲ. 1975ರಲ್ಲಿ ಬರ್ಮುಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ, ಜೊತೆಗಾರರು ಒಬ್ಬರ ಮುಖವನ್ನೊಬ್ಬರು ನೋಡದಂತೆ ಮೊದಲ ಬಾರಿಗೆ ಮೇಜಿನ ಮೇಲೆ ಅಡ್ಡ ಪರದೆ ನಿಲ್ಲಿಸಿದರು. ಮುಖ ಮರೆಯಾಯಿತು, ಕಾಲುಗಳು ಉಳಿದವು. ಇಟಲಿಯ ಜೋಡಿಯೊಂದರ ಕಾಲುಗಳು ಮೇಜಿನ ಕೆಳಗೆ ಅಸಹಜವಾಗಿ ಸಂಧಿಸುತ್ತಿವೆ ಎಂಬ ದೂರು ಬಂದು, ಛೀಮಾರಿಯೂ ಆಯಿತು. ಮುಂದೆ ಹಾಗಾಗದಂತೆ ಮೇಜಿನ ಅಡಿಯಲ್ಲಿ ಕಾಫಿ ಟೇಬಲ್ಲುಗಳನ್ನು ಅಡ್ಡ ಇಟ್ಟರು. ಆ ಸಲ ಇಟಲಿಯೇ ಗೆದ್ದಿತು. ಜಗತ್ತಿನ ನೈತಿಕತೆಯನ್ನು ಕಾಯಲು ಕಾಫಿಯ ಹೆಸರಿನ ಪೀಠೋಪಕರಣವೇ ಬೇಕಾಯಿತೆಂಬುದು ನಮ್ಮ ಜಿಲ್ಲೆಯವರು ಇನ್ನೂ ಬಳಸಿಕೊಳ್ಳದ ಹೆಮ್ಮೆ.

ನಮ್ಮ ಪ್ರಕರಣಕ್ಕೆ ಬಂದರೆ, ಡೈರೆಕ್ಟರು ಪುಸ್ತಕ ತೆರೆದು, ಶೇ. 60ರಷ್ಟು ಆಟ ಬಿದ್ದಂತೆ, ಶೇ. 40ರಷ್ಟು ಗೆದ್ದಂತೆ ಲೆಕ್ಕ ಹಾಕಿ ಅಂಕ ಹಂಚಿದರು. ಇಂಥ ತೂಕದ ತೀರ್ಪಿಗೆ ನಿಯಮದಲ್ಲಿ ಅವಕಾಶವಿದೆ. ಜಮೀನಿನ ವ್ಯಾಜ್ಯಗಳಿಗೂ ಇದ್ದಿದ್ದರೆ ಹಾಸನದ ನ್ಯಾಯಾಲಯಗಳು ಮಧ್ಯಾಹ್ನದ ಊಟಕ್ಕೇ ಬಾಗಿಲು ಹಾಕಬಹುದಿತ್ತು. ಹಿರಿಯರಿಗೆ ಉಳಿದ ನಲವತ್ತೂ ಬೇಕಾಗಿತ್ತು. ಮೇಲ್ಮನವಿ ಸಲ್ಲಿಸುವಾಗ ಅವರು ಹುಡುಗರತ್ತ ತಿರುಗಿ, ‘ಏನಯ್ಯಾ, ನಿಮ್ಮ ಕಾಲೇಜಿನಲ್ಲಿ ಇದನ್ನೇ ಕಲಿಸುವುದೇ, ಕಳ್ಳಾಟ?’ ಎಂದರು. ಹುಡುಗರು ಹಾಸನದ ಕಡೆಯವರು. ಅದು ಅವರ ಮೊದಲ ಪಂದ್ಯಾವಳಿ. ಗಾಬರಿಯಲ್ಲಿ ಕಾರ್ಡು ಎತ್ತಲು ಮರೆತಿದ್ದನ್ನು ಕೇಳುವ ಮೊದಲೇ ಒಪ್ಪಿಕೊಂಡು, ‘ಕ್ಷಮಿಸಿ ಸರ್’ ಎಂದೂ ಹೇಳಿದ್ದರು.

ಇಲ್ಲಿ ನನಗೆ ತಮಾಷೆ ಸಾಕಾಗುತ್ತದೆ. ಇದೇ ಪುಸ್ತಕದ 74ನೆಯ ನಿಯಮ, ಆಟಗಾರ ಸದಾ ಸೌಜನ್ಯದಿಂದ ವರ್ತಿಸಬೇಕೆಂದು ಹೇಳುತ್ತದೆ. ಅದಕ್ಕಾಗಿ ಯಾರೂ ಡೈರೆಕ್ಟರನ್ನು ಕರೆಯಲಿಲ್ಲ. ಅರ್ಥ ಗೊತ್ತಿದ್ದೂ ಸುಮ್ಮನೆ ಕುಳಿತು, ಗೆದ್ದರೆ ಗೆಲುವನ್ನೂ ಸೋತರೆ ದೂರನ್ನೂ ಕಿಸೆಯಲ್ಲಿಟ್ಟುಕೊಂಡು ಆಡುವುದಕ್ಕಿಂತ ದೊಡ್ಡ ಕಳ್ಳಾಟ ಯಾವುದು? ಈ ಮಾತನ್ನು ಅಂದು ಆ ಕೋಣೆಯಲ್ಲಿದ್ದ ಒಬ್ಬ ದೊಡ್ಡ ಮನುಷ್ಯರಾದರೂ ಹೇಳಬಹುದಿತ್ತು. ಎಲ್ಲರೂ ಚಹಾ ಕುಡಿಯುತ್ತಿದ್ದರು.

ಮೇಲ್ಮನವಿ ಸಮಿತಿ ಡೈರೆಕ್ಟರ ತೀರ್ಪನ್ನೇ ಎತ್ತಿಹಿಡಿಯಿತು. ಮುಂದಿನ ಪಂದ್ಯಾವಳಿಗೆ ಹಿರಿಯರು ಹೆಸರು ಕೊಟ್ಟಿದ್ದಾರೆ. ಹುಡುಗರು ಕೊಟ್ಟಿಲ್ಲ.