ಕಾಡುಮಾಂಸಕ್ಕೆ ಪ್ರಮಾಣಪತ್ರ ಬೇಕೆ?

ಪರ: ಕತ್ತಲಲ್ಲಿ ನಡೆಯುವ ವ್ಯಾಪಾರಕ್ಕೆ ಲೆಕ್ಕ ಬರಲಿ

ಬೇಟೆಯಾಡಿದ ಕಾಡುಪ್ರಾಣಿಯ ಮಾಂಸಕ್ಕೆ, ಸಂತತಿ ಉಳಿಯುವಂತೆ ಹೊಡೆದದ್ದು ಎಂಬ ಪ್ರಮಾಣಪತ್ರ ಕೊಟ್ಟು ಮಾರಲು ಬಿಡಬೇಕು ಎಂಬ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದಾಗ ಒಪ್ಪಿಕೊಂಡೆ, ಒಂದು ಷರತ್ತಿನೊಂದಿಗೆ. ಎಲ್ಲ ಕಾಡಿಗೂ ಎಲ್ಲ ಪ್ರಾಣಿಗೂ ಪ್ರಮಾಣಪತ್ರ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವು ಕಡೆ, ಕೆಲವು ಪ್ರಾಣಿಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಅಷ್ಟನ್ನು ಮಾತ್ರ ಇಲ್ಲಿ ವಾದಿಸುತ್ತೇನೆ.

ಕಾಂಗೋ ಕೊಳ್ಳದ ಕಾಡುಗಳಿಂದ ವರ್ಷಕ್ಕೆ 40 ಲಕ್ಷ ಟನ್‌ಗೂ ಹೆಚ್ಚು ಕಾಡುಮಾಂಸ ತೆಗೆಯಲಾಗುತ್ತಿದೆ ಎಂಬುದು ಸಂಶೋಧಕರು ಬಹಳ ಕಾಲದಿಂದ ಬಳಸುತ್ತಿರುವ ಅಂದಾಜು. ಅಂದಾಜು ಎನ್ನಬೇಕೇ ಹೊರತು ಲೆಕ್ಕ ಎನ್ನುವ ಹಾಗಿಲ್ಲ. ಮಾರಾಟಕ್ಕೆ ನಿಷೇಧವಿರುವ ಕಡೆಯೂ ಮಾಂಸ ಪಟ್ಟಣಕ್ಕೆ ಬರುತ್ತಲೇ ಇದೆ. ಹಾಗೆ ಬಂದ ಮಾಂಸದಲ್ಲಿ ಗಬ್ಬದ ಹೆಣ್ಣು ಎಷ್ಟು, ಯಾವ ಕಾಡಿನಿಂದ ಎಷ್ಟು ಎಂದು ಕೇಳುವವರಿಲ್ಲ. ಕೇಳಿದರೂ ಉತ್ತರಿಸಬೇಕಾದ ಹೊಣೆ ಯಾರಿಗೂ ಇಲ್ಲ.

ಪ್ರಮಾಣಪತ್ರ ಆ ಹೊಣೆಯನ್ನು ಹುಟ್ಟಿಸುತ್ತದೆ. ಬೇಟೆಯ ಗಡಿ ಗುರುತಾಗಬೇಕು, ಹೊಡೆಯಬಹುದಾದ ಪ್ರಾಣಿಗಳ ಪಟ್ಟಿ ಇರಬೇಕು, ಸಿಕ್ಕಿದ್ದನ್ನೆಲ್ಲ ಹಿಡಿಯುವ ತಂತಿ ಉರುಳು ಹೋಗಬೇಕು, ಹೊಡೆದದ್ದಕ್ಕೆಲ್ಲ ಬಿಲ್ಲೆ ಬೀಳಬೇಕು. ಎಷ್ಟು ಹೊಡೆಯಬಹುದು ಎಂಬುದಕ್ಕೂ ಒಂದು ಅಳತೆ ಇದೆ. ಒಂದು ಜಾತಿಯಲ್ಲಿ ವರ್ಷಕ್ಕೆ ಹೊಸದಾಗಿ ಸೇರುವ ಪ್ರಾಣಿಗಳ ಪೈಕಿ, ಅಲ್ಪಾಯುಷಿ ಜಾತಿಯಾದರೆ ಹೆಚ್ಚೆಂದರೆ ಶೇ. 60, ಮಧ್ಯಮ ಆಯುಸ್ಸಿನದಾದರೆ ಶೇ. 40, ದೀರ್ಘಾಯುಷಿಯಾದರೆ ಶೇ. 20. 1990ರ ದಶಕದಿಂದ ಅಮೆಜಾನ್ ಮತ್ತು ಆಫ್ರಿಕಾದ ಕಾಡುಗಳಲ್ಲಿ ಈ ಅಳತೆಗೋಲು ಬಳಕೆಯಲ್ಲಿದೆ. ಯುರೋಪಿನಲ್ಲಿ ಮಾರುವ ಕಾಡುಹಂದಿಯ ಮಾಂಸ ಟ್ರೈಕಿನೆಲ್ಲಾ ಹುಳುವಿನ ಪರೀಕ್ಷೆ ದಾಟಿಯೇ ಬರಬೇಕು. ಕಳ್ಳದಾರಿಯ ಮಾಂಸಕ್ಕೆ ಈ ಪರೀಕ್ಷೆ ಮಾಡುವವರು ಯಾರು?

ಆಗದ ಮಾತು ಎನ್ನುವವರು ಆಸ್ಟ್ರೇಲಿಯಾ ನೋಡಲಿ. ಅಲ್ಲಿ ಕಾಂಗರೂಗಳ ಎಣಿಕೆ ನಡೆಸಿ, ಅದರ ಆಧಾರದ ಮೇಲೆ ಕೋಟಾ ಕಟ್ಟುತ್ತಾರೆ. ಪರವಾನಗಿ ಇದ್ದವನೇ ಹೊಡೆಯಬೇಕು, ಪ್ರತಿ ಕಳೇಬರಕ್ಕೂ ಟ್ಯಾಗ್ ಬೀಳಬೇಕು. ಎಷ್ಟೋ ವರ್ಷ ಕೋಟಾದ ಅರ್ಧವೂ ತುಂಬುವುದಿಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಅಲ್ಲಿಗೇಟರ್ ಮೊಸಳೆ ನಾಶದ ಅಂಚಿಗೆ ಬಂದಿತ್ತು. 1972ರಲ್ಲಿ ಟ್ಯಾಗ್ ಪದ್ಧತಿಯೊಂದಿಗೆ ಬೇಟೆ ಮತ್ತೆ ಶುರುವಾಯಿತು. ಜೌಗುನೆಲದ ಒಡೆಯರಿಗೆ ಆ ನೆಲದಿಂದಲೇ ಆದಾಯ ಬರತೊಡಗಿತು. ನೆಲ ಉಳಿಯಿತು, ಮೊಸಳೆಯೂ ಉಳಿಯಿತು. ಪೆರುವಿನ ಅಮೆಜಾನ್‌ನಲ್ಲಿ ಊಟಕ್ಕೆಂದು ಹೊಡೆದ ಪೆಕರಿ ಹಂದಿಯ ತೊಗಲು ಕೈಗವಸುಗಳಿಗಾಗಿ ಯುರೋಪಿಗೆ ಹೋಗುತ್ತದೆ. ಬೇಟೆಯನ್ನು ಹತೋಟಿಯಲ್ಲಿಟ್ಟ ಊರಿನ ತೊಗಲಿಗೆ ಹೆಚ್ಚಿನ ಬೆಲೆ ಕೊಡಿಸುವ ಪ್ರಮಾಣಪತ್ರದ ಪ್ರಯತ್ನವೂ ಅಲ್ಲಿ ನಡೆದಿದೆ. ಊರಿನವರೇ ಲೆಕ್ಕ ಬರೆದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಮೋಸ ನಡೆಯುತ್ತದಲ್ಲ ಎನ್ನುತ್ತಾರೆ. ಖೋಟಾ ನೋಟು ಇದೆಯೆಂದು ಯಾರೂ ನೋಟು ಬಳಸುವುದನ್ನು ಬಿಟ್ಟಿಲ್ಲ. ತಪಾಸಣೆ ಬಿಗಿಯಾಗಲಿ, ಸಾಕು. ಸುಸ್ಥಿರತೆಗೆ ಪ್ರಮಾಣಪತ್ರದ ಮುದ್ರೆ ಕೊಡಿಸುವ ಸಂಸ್ಥೆಗಳಾಗಿ ಮರಕ್ಕೆ 1993ರಲ್ಲಿ ಎಫ್‌ಎಸ್‌ಸಿ ಬಂತು, ಮೀನಿಗೆ 1997ರಲ್ಲಿ ಎಂಎಸ್‌ಸಿ ಬಂತು. ಕಾಡುಮಾಂಸ ಒಂದನ್ನೇ ಹೊರಗಿಡುವುದಕ್ಕೆ ಕಾರಣ ಕಾಣುವುದಿಲ್ಲ.

ವಿರೋಧ: ಮುದ್ರೆ ಬಿದ್ದ ಮೇಲೆ ಕೇಳುವವರು ಯಾರು?

ತಪಾಸಣೆ ಬಿಗಿಯಾಗಲಿ, ಸಾಕು ಎಂದು ಒಂದೇ ಸಾಲಿನಲ್ಲಿ ಮುಗಿಸಿದವರು ತಪಾಸಣೆ ನಡೆಯುವ ಕೋಣೆಯೊಳಗೆ ಎಂದಾದರೂ ಕೂತಿದ್ದಾರೆಯೇ? ನಾನು ಕೂತಿದ್ದೇನೆ.

ಕೆಲವು ವರ್ಷ ಮೀನು ಸಂಸ್ಕರಿಸಿ ರಫ್ತು ಮಾಡುವ ಒಂದು ಘಟಕದ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದೆ. ಸುಸ್ಥಿರ ಮೀನುಗಾರಿಕೆಯ ಮುದ್ರೆ ಇದ್ದ ಪೆಟ್ಟಿಗೆಗೆ ಹೊರದೇಶದಲ್ಲಿ ಬೆಲೆ ಹೆಚ್ಚು. ಆ ಮುದ್ರೆಗೆ ಅರ್ಹವಾದ ಮೀನು ಬೇರೆ ಕ್ರೇಟು, ಬೇರೆ ಮೇಜು, ಬೇರೆ ಬಣ್ಣದ ಚೀಟಿಯಲ್ಲಿ ಸಾಗಬೇಕೆಂಬುದು ನಿಯಮ. ಹಗಲು ಹಾಗೆಯೇ ಸಾಗುತ್ತಿತ್ತು. ಹಡಗಿನ ದಿನ ಹತ್ತಿರ ಬಂದು ಸರಕು ಕಡಿಮೆ ಬಿದ್ದಾಗ ಲೆಕ್ಕದ ಹಾಳೆಯಲ್ಲಿ ಒಂದು ಅಂಕಿ ಬದಲಾಗುತ್ತಿತ್ತು. ನೂರು ಕಿಲೋ ಇಡೀ ಮೀನು ಕತ್ತರಿಸಿದರೆ ನಮ್ಮ ಮೇಜಿನಲ್ಲಿ ಸಿಗುತ್ತಿದ್ದ ತುಂಡು ಸುಮಾರು ನಲವತ್ತು ಕಿಲೋ. ಹಾಳೆಯಲ್ಲಿ ನಲವತ್ತಾರು ಎಂದು ಬರೆಯುತ್ತಿದ್ದರು. ಚುರುಕು ಕೈಯವರು ಕತ್ತರಿಸಿದರೆ ನಲವತ್ತಾರೂ ಸಾಧ್ಯ, ಯಾರೂ ಹುಬ್ಬೇರಿಸುವ ಅಂಕಿಯಲ್ಲ. ಆದರೆ ಪ್ರತಿ ನೂರು ಕಿಲೋಗೆ ಆರು ಕಿಲೋ ಜಾಗ ಖಾಲಿಯಾಯಿತಲ್ಲ, ಎಲ್ಲಿಂದಲೋ ಬಂದ ಮೀನು ಅಲ್ಲಿ ಕೂರುತ್ತಿತ್ತು. ಚರ್ಮ ಸುಲಿದು ಬಿಳಿ ತುಂಡಾದ ಮೇಲೆ ಅದು ಯಾವ ದೋಣಿಯದು ಎಂದು ಹಿಡಿದವನೂ ಹೇಳಲಾರ.

ತಪಾಸಕರು ಬಂದರು. ಒಳ್ಳೆಯವರೇ, ಓದಿಕೊಂಡವರೇ. ಒಳಬಂದ ತೂಕ, ಹೊರಹೋದ ತೂಕ, ಬ್ಯಾಚ್ ಸಂಖ್ಯೆ ಎಲ್ಲವನ್ನೂ ಕೂಡಿಸಿ ಕಳೆದು ನೋಡಿದರು. ಎಲ್ಲವೂ ತಾಳೆಯಾಯಿತು, ಏಕೆಂದರೆ ತಾಳೆಯಾಗುವಂತೆಯೇ ಬರೆದದ್ದು. ಕತ್ತರಿಸುವ ಮೇಜಿನ ಹತ್ತಿರ ತಕ್ಕಡಿ ಇಟ್ಟು ಒಂದು ಕ್ರೇಟನ್ನು ಎದುರಿಗೇ ಕತ್ತರಿಸಿ ತೂಗಿ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಮೇಲಿನವರ ಹತ್ತಿರ ಈ ವಿಷಯ ಎತ್ತಿದೆ. ಮುಂದಿನ ತಿಂಗಳಿಂದ ನನಗೆ ಶೀತಲ ಗೋದಾಮಿನ ಕೆಲಸ ಸಿಕ್ಕಿತು. ಆ ಘಟಕದ ಮುದ್ರೆ ಮಾತ್ರ ನವೀಕರಣವಾಯಿತು.

ಇಷ್ಟೆಲ್ಲ ನಡೆದದ್ದು ರಸ್ತೆ, ವಿದ್ಯುತ್ತು, ಕಂಪ್ಯೂಟರು, ಹಾಜರಿ ಪುಸ್ತಕ ಎಲ್ಲ ಇರುವ ಒಂದು ಕಟ್ಟಡದೊಳಗೆ. ಇದೇ ಪದ್ಧತಿಯನ್ನು ಕಾಡಿನೊಳಗೆ ನಡೆಸುತ್ತೇವೆ ಎನ್ನುತ್ತಾರೆ. ಆಫ್ರಿಕಾದ ಸಂತೆಗಳಿಗೆ ಬರುವ ಕಾಡುಮಾಂಸದಲ್ಲಿ ಬಹಳಷ್ಟು ಹೊಗೆಯಾಡಿಸಿದ್ದು. ಕಪ್ಪಗೆ ಸುಕ್ಕುಗಟ್ಟಿದ ತೊಡೆಯೊಂದು ಸಣ್ಣ ಹುಲ್ಲೆಯಾದ ಡ್ಯೂಕರ್‌ನದೋ ಮಂಗನದೋ ಎಂದು ತಿಳಿಯಲು ಡಿಎನ್‌ಎ ಪರೀಕ್ಷೆಯೇ ಬೇಕಾಗುತ್ತದೆ. ಎಷ್ಟು ತೂಕ ಇಳಿಯುತ್ತದೆ ಎಂಬುದು ಎಷ್ಟು ಹೊತ್ತು ಹೊಗೆಯ ಮೇಲಿತ್ತು ಎಂಬುದರ ಮೇಲೆ. ನಲವತ್ತನ್ನು ನಲವತ್ತಾರು ಮಾಡಿದ ಕೈಗೆ ಇಲ್ಲಿ ಅಂಕಿ ಬದಲಿಸುವ ಶ್ರಮವೂ ಬೇಕಿಲ್ಲ.

ಕಾಂಗರೂ, ಮೊಸಳೆ ಎಂದು ಪರ ಪಕ್ಷದವರು ಎರಡು ಹೆಸರು ಹಿಡಿದು ನಿಂತಿದ್ದಾರೆ. ಬಯಲಲ್ಲಿ ವಿಮಾನದಿಂದ ಎಣಿಸಬಹುದಾದ ಪ್ರಾಣಿ ಒಂದು, ಗೂಡಿಗೆ ಮೂವತ್ತು ನಲವತ್ತು ಮೊಟ್ಟೆ ಇಡುವ ಪ್ರಾಣಿ ಇನ್ನೊಂದು. ಎರಡೂ ಸಿರಿವಂತ ದೇಶದವು. ಮಳೆಕಾಡಿನ ಟೇಪಿರ್ ಹದಿಮೂರು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಅಮೆಜಾನ್‌ನ ವೂಲಿ ಮಂಗ ಎರಡು ಮೂರು ವರ್ಷಕ್ಕೊಮ್ಮೆ ಹೆರುತ್ತದೆ, ಅದೂ ಒಂದು. ಎಲೆಗಳ ಮರೆಯಲ್ಲಿ ಇವನ್ನು ಎಣಿಸುವವರು ಯಾರು? ಎಣಿಕೆಯೇ ಇಲ್ಲದ ಮೇಲೆ ಶೇ. 20 ಎಂಬುದು ಯಾವುದರ ಶೇ. 20?

ನನ್ನ ಮುಖ್ಯ ಜಗಳ ಮಾರುಕಟ್ಟೆಯೊಂದಿಗೆ. ಹಸಿದವನ ಬೇಟೆ ಅವನ ಹೊಟ್ಟೆ ತುಂಬುವಲ್ಲಿಗೆ ನಿಲ್ಲುತ್ತದೆ. ದೂರದ ಪಟ್ಟಣದ ಗಿರಾಕಿಗೆ ಹಾಗೆ ತುಂಬುವ ಹೊಟ್ಟೆ ಇಲ್ಲ. ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳನ್ನು ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ನಗರಗಳಿಗೆ ಸಾಗಿಸಿದರು. ಸೂರ್ಯನನ್ನು ಮರೆಮಾಡುವಷ್ಟು ದಟ್ಟವಾಗಿ ಹಾರುತ್ತಿದ್ದ ಆ ಹಕ್ಕಿಯ ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಆ ದೇಶ ಅದರಿಂದ ಕಲಿತದ್ದನ್ನು ಪರ ಪಕ್ಷದವರು ಏಕೆ ಬಿಟ್ಟರೋ ತಿಳಿಯದು. 1900ರ ಲೇಸಿ ಕಾಯ್ದೆ ಮತ್ತು ರಾಜ್ಯಗಳ ಕಾನೂನುಗಳು ಬೇಟೆಯನ್ನು ನಿಲ್ಲಿಸಲಿಲ್ಲ, ಕಾಡು ಜಿಂಕೆಯ ಮಾಂಸ ಮಾರುವುದನ್ನು ನಿಲ್ಲಿಸಿದವು. ಹೊಡೆದವನು ತಿನ್ನಬಹುದು, ಹಂಚಬಹುದು, ಮಾರುವಂತಿಲ್ಲ. ಅಲ್ಲಿನ ಬಿಳಿಬಾಲದ ಜಿಂಕೆ ಇಂದು ಕೋಟಿಗಳಲ್ಲಿದೆ.

ಕಾನೂನಿನ ಬಾಗಿಲು ತೆರೆದಾಗ ಆದದ್ದೂ ಕಣ್ಣೆದುರಿಗಿದೆ. 2008ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಒಪ್ಪಿಗೆಯಿಂದ ಆಫ್ರಿಕಾದ ನಾಲ್ಕು ದೇಶಗಳು ದಾಸ್ತಾನಿದ್ದ ಆನೆಯ ದಂತವನ್ನು ಚೀನಾ, ಜಪಾನ್‌ಗೆ ಮಾರಿದವು. ಆಮೇಲೆ ಅಂಗಡಿಯಲ್ಲಿದ್ದ ಕೆತ್ತನೆ ಸಕ್ರಮದ್ದೋ ಕಳ್ಳದ್ದೋ ಎಂದು ಬೇರ್ಪಡಿಸುವುದು ಕೊಳ್ಳುವವನಿಗೆ ಅಸಾಧ್ಯವಾಯಿತು. ಕೊನೆಗೆ 2017ರ ಅಂತ್ಯಕ್ಕೆ ಚೀನಾ ತನ್ನ ದಂತದ ಮಾರುಕಟ್ಟೆಯನ್ನೇ ಮುಚ್ಚಿತು. ದಂತಕ್ಕಾದರೆ ಗುರುತಿನ ಚೀಟಿ ಇತ್ತು. ಸಾರಿನಲ್ಲಿ ಬೆಂದ ಮಾಂಸಕ್ಕೆ ಏನಿದೆ?

ಕಾಡಿನಲ್ಲೇ ಬದುಕುವವರ ಊಟದ ಬೇಟೆಗೆ ನನ್ನ ವಿರೋಧವಿಲ್ಲ. ಆ ಹಕ್ಕನ್ನು ಕಾನೂನಿನಲ್ಲಿ ನೇರವಾಗಿ ಬರೆದು ಕೊಡಿ. ಅದಕ್ಕೆ ತಪಾಸಕರ ಶುಲ್ಕ, ಲೇಬಲ್ಲಿನ ಖರ್ಚು, ರಫ್ತುದಾರನ ದಾಕ್ಷಿಣ್ಯ ಯಾವುದೂ ಬೇಡ. ಪ್ರಮಾಣಪತ್ರಕ್ಕೆ ಸುರಿಯುವ ಹಣವನ್ನು ಕಾಡಂಚಿನ ಪಟ್ಟಣಗಳಿಗೆ ಕೋಳಿ, ಸಾಕಿದ ಮೀನು ಸಲೀಸಾಗಿ ಸಿಗುವಂತೆ ಮಾಡಲು, ಉರುಳು ಕಿತ್ತು ತರುವ ಕಾವಲುಗಾರನಿಗೆ ತಿಂಗಳ ಸಂಬಳ ತಪ್ಪದಂತೆ ನೋಡಿಕೊಳ್ಳಲು ಖರ್ಚು ಮಾಡಿ. ಪಟ್ಟಣದ ಹೋಟೆಲಿನ ಪಟ್ಟಿಯಿಂದ ಕಾಡುಮಾಂಸವನ್ನು, ಮುದ್ರೆ ಇದ್ದದ್ದನ್ನೂ ಇಲ್ಲದ್ದನ್ನೂ, ಒಟ್ಟಿಗೇ ತೆಗೆಯಿರಿ.